ಮಗುವಿನ ಹಾಗೆ ‘ನಾನು ಬೇಕು’ ಅಂದುಕೊಳ್ಳುವುದು ಹೇಗೆ?

ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೊರಟ ಐದಾರು ವರ್ಷದ ಹುಡುಗಿಯನ್ನು ನೋಡಿ. ರೇಷ್ಮೆ ಲಂಗ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ಅಮ್ಮ ಹಿಂದೆಯೇ ಬರುತ್ತಿರುತ್ತಾರೆ. ಆದರೂ ಇಡೀ ಬೀದಿಗೆ ಹಬ್ಬ ತಲುಪಿಸುವ ಜವಾಬ್ದಾರಿ ತನ್ನೊಬ್ಬಳದೇ ಅನ್ನುವ ಹಾಗೆ ಅವಳು ನಡೆಯುತ್ತಾಳೆ. ಯಾವ ಮನೆ ಆಯಿತು, ಯಾವುದು ಬಾಕಿ, ಯಾರ ಮನೆಗೆ ಬೀಗ ಹಾಕಿತ್ತು ಅನ್ನುವುದೆಲ್ಲ ಅವಳಿಗೆ ಗೊತ್ತು. ‘ಸಾಕು ಬಾ, ಕತ್ತಲಾಯಿತು’ ಅಂದರೆ ಒಪ್ಪುವುದಿಲ್ಲ, ಮೂಲೆ ಮನೆ ಅಜ್ಜಿಗೆ ಇನ್ನೂ ಕೊಟ್ಟಿಲ್ಲವಲ್ಲ.

ನಾವು ನಗುತ್ತೇವೆ, ಫೋಟೋ ತೆಗೆಯುತ್ತೇವೆ, ಎಷ್ಟು ಮುದ್ದು ಅನ್ನುತ್ತೇವೆ. ಅಲ್ಲಿಗೆ ಬಿಟ್ಟುಬಿಡುತ್ತೇವೆ. ನನಗೆ ಅದು ಬಿಡುವಂಥ ವಿಷಯ ಅನಿಸುವುದಿಲ್ಲ. ಈ ಕೆಲಸಕ್ಕೆ ತಾನು ಬೇಕು ಅನ್ನುವುದರಲ್ಲಿ ಆ ಮಗುವಿಗೆ ಚೂರೂ ಅನುಮಾನ ಇಲ್ಲ. ಹಾಗಂತ ತಾನು ಬೇರೆಯವರಿಗಿಂತ ಮೇಲು ಅಂತಲೂ ಅದು ತಿಳಿದಿಲ್ಲ. ಪಕ್ಕದ ಮನೆ ಹುಡುಗಿ ಇನ್ನೊಂದು ತಟ್ಟೆ ಹಿಡಿದು ಬಂದರೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಾರೆ. ದೊಡ್ಡವರಾಗುತ್ತಾ ನಮಗೆ ಇದು ಉಲ್ಟಾ ಆಗುತ್ತದೆ. ಹುದ್ದೆ, ಕಾರು, ಸಮಾರಂಭದಲ್ಲಿ ಮುಂದಿನ ಸಾಲಿನ ಕುರ್ಚಿ, ಇವುಗಳಿಂದ ಮೇಲಿನವರಾಗಲು ಪಾಡುಪಡುತ್ತೇವೆ. ಒಳಗೆ ಮಾತ್ರ ‘ನಾನಿಲ್ಲದಿದ್ದರೂ ಎಲ್ಲಾ ನಡೆಯುತ್ತದೆ ಬಿಡು’ ಅನ್ನುವ ಬೇಸರ ಕೂತಿರುತ್ತದೆ. ಮಗುವಿನ ಆ ಮೊದಲಿನ ನಂಬಿಕೆಯನ್ನು ವಾಪಸ್ ತರುವುದಕ್ಕೆ ಏನು ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳು ಇರುವ ಮನೆಯವರಿಗೂ ಸರಿ, ಇಲ್ಲದವರಿಗೂ ಸರಿ.

ಮೊದಲು ಸುಮ್ನೆ ಕೂತು ನೋಡಿ

ಎರಡು ಮೂರು ವರ್ಷದ ಮಗು ಹತ್ತಿರದಲ್ಲಿ ಎಲ್ಲಾದರೂ ಇದ್ದರೆ, ನಿಮ್ಮದೇ ಆಗಬೇಕಿಲ್ಲ, ಅಕ್ಕನ ಮಗು, ಪಕ್ಕದ ಮನೆಯ ಮಗು ಯಾವುದಾದರೂ ಸರಿ, ಅದರ ಎದುರು ಬಟ್ಟೆ ಒಣಗಿಸಿ. ಒಂದು ಕ್ಲಿಪ್ ಕೈ ಜಾರಿ ಬೀಳಲಿ. ನೀವು ಅದನ್ನು ಹಿಡಿಯಲು ಕೈ ಚಾಚಿ, ಆದರೆ ಎಟುಕದ ಹಾಗೆ ಇರಿ. ಏನೂ ಕೇಳಬೇಡಿ. ಬಹಳಷ್ಟು ಸಲ ಮಗು ಎದ್ದು ಬಂದು, ಬಗ್ಗಿ, ಅದನ್ನು ತೆಗೆದು ನಿಮ್ಮ ಕೈಗೆ ಕೊಡುತ್ತದೆ.

ಇದು ನಾನು ಕಟ್ಟಿದ ಆಟ ಅಲ್ಲ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಅನ್ನುವ ಇಬ್ಬರು ಸಂಶೋಧಕರು ಜರ್ಮನಿಯಲ್ಲಿ ಬರೀ 18 ತಿಂಗಳ ಮಕ್ಕಳ ಜೊತೆ ಇಂಥದ್ದನ್ನು ಮಾಡಿ ನೋಡಿ 2006ರಲ್ಲಿ ಪ್ರಕಟಿಸಿದರು. ಕ್ಲಿಪ್ ಬೀಳಿಸುವುದು, ಕೈತುಂಬ ಪುಸ್ತಕ ಹಿಡಿದು ಮುಚ್ಚಿದ ಬೀರುವಿನ ಬಾಗಿಲಿಗೆ ಡಿಕ್ಕಿ ಹೊಡೆಯುವುದು, ಹೀಗೆ. 24 ಮಕ್ಕಳಲ್ಲಿ 22 ಮಕ್ಕಳು ಒಂದು ಸಲವಾದರೂ ಎದ್ದು ಬಂದು ಸಹಾಯ ಮಾಡಿದವು. ಯಾರೂ ಕರೆದಿರಲಿಲ್ಲ, ಶಹಬ್ಬಾಸ್ ಅನ್ನುವವರೂ ಇರಲಿಲ್ಲ. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಬೇರೆ ಇದೆ. ಅದೇ ವಸ್ತುವನ್ನು ದೊಡ್ಡವರು ಬೇಕಂತಲೇ ನೆಲಕ್ಕೆ ಎಸೆದಾಗ ಮಕ್ಕಳು ಹಾಗೆ ಎದ್ದು ಬರಲಿಲ್ಲ. ಅಂದರೆ ನೆಲದ ಮೇಲೆ ಬಿದ್ದದ್ದನ್ನೆಲ್ಲ ಎತ್ತಿ ಕೊಡುವ ಅಭ್ಯಾಸ ಅಲ್ಲ ಅದು. ಎದುರಿನವರಿಗೆ ಈಗ ನನ್ನ ಅಗತ್ಯ ಇದೆಯೋ ಇಲ್ಲವೋ ಅಂತ ನೋಡಿಯೇ ಅವು ಏಳುತ್ತವೆ. ಇನ್ನೂ ಸರಿಯಾಗಿ ಮಾತೇ ಬಾರದ ವಯಸ್ಸು ಅದು.

ನೋಡುವಾಗ ಎರಡು ವಿಷಯ ಗಮನಿಸಿ. ಕೊಟ್ಟ ಮೇಲೆ ಮಗು ನಿಮ್ಮ ಮುಖ ನೋಡುತ್ತದೆ. ಆಮೇಲೆ ‘ಇನ್ನೊಂದು’ ಅನ್ನುವ ಹಾಗೆ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಸಿಕ್ಕ ಬಹುಮಾನ ಅಂದರೆ ಮುಂದಿನ ಕೆಲಸ. ನಮ್ಮಲ್ಲಿ ಎಷ್ಟು ಜನ ಒಂದು ಕೆಲಸ ಮುಗಿಸಿದ ಮೇಲೆ ಇನ್ನೊಂದಕ್ಕೆ ಹಾಗೆ ಕಾಯುತ್ತೇವೆ?

ನಿಮ್ಮ ಒಂದು ಸಣ್ಣ ಕೆಲಸವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ

ಈಗ ನಿಮ್ಮ ಸರದಿ. ದಿನಾ ಮಾಡುವ, ಯಾರೂ ಗಮನಿಸದ ಒಂದು ಕೆಲಸ ಆರಿಸಿಕೊಳ್ಳಿ. ಎರಡು ಮೂರು ಬೇಡ, ಒಂದೇ. ರಾತ್ರಿ ಹಾಲಿಗೆ ಹೆಪ್ಪು ಹಾಕುವುದು ಇರಬಹುದು. ಬೆಳಿಗ್ಗೆ ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸುವುದು, ಆಫೀಸಿನಲ್ಲಿ ಮೀಟಿಂಗ್ ಮುಗಿದ ಮೇಲೆ ಯಾರು ಏನು ಮಾಡಬೇಕು ಅಂತ ನಾಲ್ಕು ಸಾಲು ಬರೆದು ಕಳಿಸುವುದು ಇರಬಹುದು.

ಆರಿಸಿದ ಮೇಲೆ ಅದರ ಕೊನೆಯವರೆಗೆ ಹೋಗಿ ನೋಡಿ. ಅಂದರೆ, ಈ ಕೆಲಸ ಯಾರ ತನಕ ತಲುಪುತ್ತದೆ? ಹೆಪ್ಪು ಹಾಕದಿದ್ದರೆ ನಾಳೆ ಮೊಸರಿಲ್ಲ, ಮೊಸರಿಲ್ಲದಿದ್ದರೆ ಡಬ್ಬಿಯ ಮೊಸರನ್ನ ಇಲ್ಲ, ಮಧ್ಯಾಹ್ನ ಒಂದು ಗಂಟೆಗೆ ಯಾವುದೋ ಶಾಲೆಯ ಯಾವುದೋ ಬೆಂಚಿನ ಮೇಲೆ ಡಬ್ಬಿ ತೆಗೆಯುವ ಹುಡುಗ ಇದ್ದಾನಲ್ಲ, ಅವನ ತನಕ ನಿಮ್ಮ ರಾತ್ರಿಯ ಆ ಅರ್ಧ ಚಮಚ ಮಜ್ಜಿಗೆ ಹೋಗುತ್ತದೆ. ಮಗುವಿಗೆ ಈ ದಾರಿ ತಾನಾಗಿ ಕಾಣುತ್ತದೆ, ಯಾಕೆಂದರೆ ಅದರ ಕೆಲಸ ಮಾಡುವವರೂ ಅನುಭವಿಸುವವರೂ ಒಂದೇ ಕೋಣೆಯಲ್ಲಿ ಇರುತ್ತಾರೆ. ನಮ್ಮ ಕೆಲಸದ ಫಲ ಬೇರೆ ಊರಲ್ಲಿ, ಬೇರೆ ದಿನ, ಗುರುತಿಲ್ಲದವರಿಗೆ ಸಿಗುತ್ತದೆ. ಹಾಗಾಗಿ ನಾವು ಕೂತು ಹುಡುಕಬೇಕು. ಬ್ಯಾಂಕಿನಲ್ಲಿ ಅರ್ಜಿ ಪರಿಶೀಲಿಸುವವರು, ಗೋದಾಮಿನಲ್ಲಿ ಪೆಟ್ಟಿಗೆ ಲೆಕ್ಕ ಹಾಕುವವರು, ಕೋಡ್ ಬರೆಯುವವರು, ಎಲ್ಲರೂ ಒಂದು ಸಲವಾದರೂ ಆ ಕೊನೆಯ ಮನುಷ್ಯನನ್ನು ಹುಡುಕಿ. ಸಾಧ್ಯವಾದರೆ ಹೋಗಿ ಭೇಟಿ ಮಾಡಿ. ನನ್ನ ಪ್ರಕಾರ ಕೆಲಸದಲ್ಲಿ ಬೇಸರ ಬಂದವರಿಗೆ ರಜೆಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಆ ಕೆಲಸವನ್ನು ಮಗು ಮಾಡುವ ವೇಗದಲ್ಲಿ ಮಾಡಿ. ಮಗು ನೀರಿನ ಲೋಟ ತರುವುದನ್ನು ನೋಡಿದ್ದೀರಲ್ಲ, ಎರಡೂ ಕೈ ಲೋಟದ ಮೇಲೆ, ಕಣ್ಣು ನೀರಿನ ಅಂಚಿನ ಮೇಲೆ, ನಾಲಿಗೆ ಒಂಚೂರು ಹೊರಗೆ. ಒಂದು ಹನಿ ಚೆಲ್ಲಿದರೂ ನಿಂತು ನೋಡುತ್ತದೆ. ದಿನದ ಎಲ್ಲಾ ಕೆಲಸವನ್ನೂ ಹಾಗೆ ಮಾಡಲು ನಮಗೆ ಪುರುಸೊತ್ತು ಇರುವುದಿಲ್ಲ, ಒಪ್ಪಿದೆ. ಆರಿಸಿಕೊಂಡ ಆ ಒಂದನ್ನು ಮಾಡಿ. ಆ ಹೊತ್ತಿನಲ್ಲಿ ಫೋನು ಬೇರೆ ಕೋಣೆಯಲ್ಲಿರಲಿ.

ಕಲಿಸದೆ ಬೈದರೆ ಏನಾಗುತ್ತದೆ

ಮರಿಯಾ ಮಾಂಟೆಸ್ಸೊರಿ ಬಗ್ಗೆ ಕೇಳಿರುತ್ತೀರಿ. 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ಶುರು ಮಾಡಿದವರು. 1939ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧದ ಕಾರಣ ಇಲ್ಲೇ ಉಳಿದು, ಮದರಾಸಿನ ಅಡ್ಯಾರ್‌ನಲ್ಲಿ, ಕೊಡೈಕನಾಲ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರು ಹೇಳಿದ ಒಂದು ಪ್ರಸಂಗ ನನಗೆ ಅವರ ಉಳಿದೆಲ್ಲ ಸಿದ್ಧಾಂತಕ್ಕಿಂತ ಮೇಲೆ ಅನಿಸುತ್ತದೆ. ಒಂದು ದಿನ ಅವರು ಆ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದು ಹೇಗೆ ಅಂತ ಪಾಠ ಮಾಡಿದರು. ಕರವಸ್ತ್ರ ಹೇಗೆ ತೆಗೆಯುವುದು, ಸದ್ದಾಗದ ಹಾಗೆ, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಹೇಗೆ ಒರೆಸುವುದು, ಇಷ್ಟೇ. ಮಕ್ಕಳು ಉಸಿರು ಹಿಡಿದು ನೋಡಿದರು. ಪಾಠ ಮುಗಿದದ್ದೇ ತಡ, ನಾಟಕ ನೋಡಿದವರ ಹಾಗೆ ಚಪ್ಪಾಳೆ ಹೊಡೆದರು.

ಯಾಕೆ ಅಂತ ಮಾಂಟೆಸ್ಸೊರಿಗೆ ಆಮೇಲೆ ಹೊಳೆಯಿತು. ಆ ಮಕ್ಕಳಿಗೆ ಮೂಗಿನ ವಿಷಯದಲ್ಲಿ ದಿನಾ ಬೈಗುಳ ಸಿಗುತ್ತಿತ್ತು. ‘ಛೀ, ಒರೆಸಿಕೋ’ ಅಂದವರು ಎಷ್ಟೋ ಜನ. ಹೇಗೆ ಅಂತ ಶಾಂತವಾಗಿ, ಮರ್ಯಾದೆ ಕೊಟ್ಟು ತೋರಿಸಿದವರು ಒಬ್ಬರೂ ಇರಲಿಲ್ಲ. ಚಪ್ಪಾಳೆ ಬಿದ್ದದ್ದು ಆ ಮರ್ಯಾದೆಗೆ.

ಇದನ್ನು ನಿಮ್ಮ ಸುತ್ತ ಹಚ್ಚಿ ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ವಾರ ಯಾರ ಹತ್ತಿರವೂ ಏನೂ ಕೇಳಲಾರದೆ ಒದ್ದಾಡುತ್ತಾನೆ. ವಯಸ್ಸಾದ ಅಪ್ಪನಿಗೆ ಯುಪಿಐ ಬರುವುದಿಲ್ಲ, ಪ್ರತಿ ಸಲ ‘ಕೊಡಿ ಇಲ್ಲಿ, ನಾನೇ ಮಾಡುತ್ತೇನೆ’ ಅಂತ ನಾವು ಫೋನು ಕಸಿದುಕೊಳ್ಳುತ್ತೇವೆ. ಕಸಿಯುವ ಬದಲು ಪಕ್ಕದಲ್ಲಿ ಕೂತು, ಅವರ ಬೆರಳೇ ಪರದೆ ಮುಟ್ಟಲಿ ಅಂತ ಕಾದು, ಒಂದೊಂದೇ ಹೆಜ್ಜೆ ಹೇಳಿ. ತರಕಾರಿಯವನಿಗೆ ಅವರು ತಾವೇ ನಲವತ್ತು ರೂಪಾಯಿ ಕಳಿಸಿದ ದಿನ ಅವರ ಮುಖ ನೋಡಿ. ಎಳ್ಳು ತಟ್ಟೆ ಹಿಡಿದ ಹುಡುಗಿಯ ಮುಖವೇ ಅದು.

ಮೇಲಿನಿಂದ ಮತ್ತೆ ಗುಡಿಸಬೇಡಿ

ಮಗು ಪೊರಕೆ ಹಿಡಿದು ಗುಡಿಸಿದ ಜಾಗವನ್ನು ಅದರ ಕಣ್ಣೆದುರೇ ನಾವು ಇನ್ನೊಮ್ಮೆ ಗುಡಿಸುತ್ತೇವೆ. ಭೂಪಟದ ಆಕಾರದ ಅದರ ಚಪಾತಿಯನ್ನು ಪಕ್ಕಕ್ಕಿಟ್ಟು ಬೇರೆ ಲಟ್ಟಿಸುತ್ತೇವೆ. ಬಾಯಲ್ಲಿ ‘ಜಾಣ ಮರಿ’ ಅಂದರೂ ಕೈ ಬೇರೆ ಮಾತು ಹೇಳುತ್ತದೆ. ಮಕ್ಕಳು ಕೈಯ ಮಾತನ್ನೇ ನಂಬುತ್ತವೆ. ಹಾಗೆ ಎರಡು ಮೂರು ವರ್ಷ ನಡೆದರೆ, ಎಂಟು ವರ್ಷಕ್ಕೆ ‘ಒಂದು ಲೋಟ ಎತ್ತಿಡೋಕೂ ಇವನಿಗೆ ಸೋಮಾರಿತನ’ ಅಂತ ನಾವೇ ದೂರುತ್ತೇವೆ. ಆ ಚಪಾತಿಯನ್ನು ಬೇಯಿಸಿ. ನೀವೇ ತಿನ್ನಿ. ಕಸ ಉಳಿದಿದ್ದರೆ ಮಗು ಮಲಗಿದ ಮೇಲೆ ಗುಡಿಸಿಕೊಳ್ಳಿ.

ದುಡ್ಡು, ಚಾಕೊಲೇಟು ಕೂಡ ಬೇಡ. ಸುಮ್ನೆ ನೀತಿಗೆ ಹೇಳುವ ಮಾತಲ್ಲ ಇದು. ಅದೇ ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2008ರಲ್ಲಿ 20 ತಿಂಗಳ ಮಕ್ಕಳನ್ನು ಗಮನಿಸಿದರು. ಸಹಾಯ ಮಾಡಿದ್ದಕ್ಕೆ ಆಟದ ವಸ್ತು ಪಡೆದ ಮಕ್ಕಳು ಮುಂದೆ ಸಹಾಯ ಮಾಡುವುದು ಕಡಿಮೆ ಆಯಿತು. ಬರೀ ಹೊಗಳಿಕೆ ಸಿಕ್ಕವರಲ್ಲಿ, ಏನೂ ಸಿಗದವರಲ್ಲಿ ಹಾಗೆ ಆಗಲಿಲ್ಲ. ‘ನಾನು ಬೇಕು’ ಅಂತ ಮಾಡುತ್ತಿದ್ದ ಕೆಲಸ ‘ಏನು ಕೊಡುತ್ತೀರಿ’ ಆಗಿಬಿಡುತ್ತದೆ. ಸಂಬಳಕ್ಕೆ ದುಡಿಯುವ ದೊಡ್ಡವರಿಗೆ ಸಂಬಳ ಬೇಕೇ ಬೇಕು, ಅದು ಬೇರೆ ವಿಷಯ, ಅದರಲ್ಲಿ ಯಾರೂ ಯಾರಿಗೂ ಮೋಸ ಮಾಡಬಾರದು. ಆದರೆ ಮನೆಯ ಪಾತ್ರೆ, ನೆರೆಯವರ ಆಸ್ಪತ್ರೆ ಓಡಾಟ, ಗೆಳೆಯನಿಗೆ ಕೊಟ್ಟ ರಕ್ತ, ಇವುಗಳಿಗೆಲ್ಲ ಮನಸ್ಸಿನಲ್ಲಿ ಲೆಕ್ಕ ಬರೆಯುತ್ತಾ ಹೋದರೆ ಅದೇ ನಮಗೂ ಆಗುತ್ತದೆ. ಬರೆದಿಟ್ಟಿದ್ದರೆ ಇವತ್ತೇ ಆ ಪುಸ್ತಕ ಮುಚ್ಚಿ.

ಬೇಕಾದದ್ದನ್ನು ಬಾಯಿ ಬಿಟ್ಟು ಕೇಳಿ

ನನಗೆ ತುಂಬ ಪ್ರೀತಿಯ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಟೋಕಿಯೋದ ಉಏನೊ ಮೃಗಾಲಯದ ಮೂರು ಆನೆಗಳನ್ನು ಹೊಟ್ಟೆಗೆ ಹಾಕದೆ ಸಾಯಿಸಿದರು. ಬಾಂಬ್ ಬಿದ್ದು ಬೇಲಿ ಮುರಿದರೆ ಅವು ಊರೊಳಗೆ ನುಗ್ಗಬಹುದು ಅನ್ನುವ ಭಯಕ್ಕೆ. ಯುದ್ಧ ಮುಗಿಯಿತು. ಸುತ್ತಲಿನ ಮಕ್ಕಳಿಗೆ ಆನೆ ಬೇಕಾಯಿತು. ಸೋತ ದೇಶ, ಸುಟ್ಟ ಊರು, ತಿನ್ನಲು ಅಕ್ಕಿ ಸಾಲದ ಕಾಲ. ಅಂಥ ಹೊತ್ತಿನಲ್ಲಿ ಆನೆ ಕೇಳಬಾರದು ಅಂತ ದೊಡ್ಡವರಿಗೆ ಗೊತ್ತು. ಮಕ್ಕಳಿಗೆ ಗೊತ್ತಿರಲಿಲ್ಲ. ನಗೋಯಾ ಊರಿನ ಮೃಗಾಲಯದಲ್ಲಿ ಯುದ್ಧ ದಾಟಿ ಉಳಿದ ಎರಡು ಆನೆಗಳಿದ್ದವು. ಮಕ್ಕಳ ಪ್ರತಿನಿಧಿಗಳು ಅಲ್ಲಿಗೇ ಹೋಗಿ ಒಂದನ್ನು ಸಾಲ ಕೊಡಿ ಅಂದರು. ಆ ಎರಡನ್ನು ಬೇರೆ ಮಾಡಲು ಆಗುವುದಿಲ್ಲ ಅನ್ನುವ ಉತ್ತರ ಬಂತು. ಆದರೆ ಕೇಳಿದ್ದು ವ್ಯರ್ಥವಾಗಲಿಲ್ಲ, ಮಕ್ಕಳನ್ನು ಆನೆ ನೋಡಲು ನಗೋಯಾಕ್ಕೆ ಕರೆದೊಯ್ಯುವ ವಿಶೇಷ ರೈಲುಗಳೇ ಓಡಿದವು.

ಅಷ್ಟಕ್ಕೂ ಸುಮ್ಮನಾಗಲಿಲ್ಲ. ಭಾರತದಲ್ಲಿ ಆನೆಗಳಿವೆ, ಅಲ್ಲಿನ ಪ್ರಧಾನಿ ನೆಹರೂ, ಹಾಗಾದರೆ ನೆಹರೂಗೆ ಬರೆಯೋಣ ಅಂತ 800ಕ್ಕೂ ಹೆಚ್ಚು ಮಕ್ಕಳು ಕಾಗದ ಬರೆದರು. ಕಾಗದಗಳು ದೆಹಲಿ ಸೇರಿದವು. 1949ರ ಸೆಪ್ಟೆಂಬರಿನಲ್ಲಿ ಇಂದಿರಾ ಅನ್ನುವ ಹೆಣ್ಣಾನೆ ಉಏನೊ ತಲುಪಿತು. ಇದು ನನ್ನ ಕೊಡುಗೆ ಅಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಅಂತ ತಿಳಿಯಿರಿ ಎಂದು ನೆಹರೂ ಆ ಮಕ್ಕಳಿಗೆ ಬರೆದರು. ಇಂದಿರಾ ನಮ್ಮ ಮೈಸೂರು ಕಡೆಯ ಆನೆ. ಅದಕ್ಕೆ ಗೊತ್ತಿದ್ದದ್ದು ಕನ್ನಡ. ಜೊತೆಗೆ ಹೋಗಿದ್ದ ನಮ್ಮ ಮಾವುತರಿಂದ ಜಪಾನಿನವರು ಆ ಮಾತುಗಳನ್ನು ಕಲಿತ ಮೇಲೆಯೇ ಅದನ್ನು ನೋಡಿಕೊಳ್ಳಲು ಅವರಿಗೆ ಸಾಧ್ಯವಾಯಿತು. 1983ರಲ್ಲಿ ಸಾಯುವವರೆಗೂ ಅದು ಅಲ್ಲೇ ಇತ್ತು.

ಅಮೆರಿಕದಲ್ಲೂ ಇಂಥ ಒಂದು ಕಾಗದ ಇದೆ. 1860ರ ಅಕ್ಟೋಬರಿನಲ್ಲಿ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಅಬ್ರಹಾಂ ಲಿಂಕನ್‌ಗೆ, ನಿಮ್ಮ ಮುಖ ತುಂಬಾ ತೆಳು, ಗಡ್ಡ ಬಿಟ್ಟರೆ ಚೆನ್ನಾಗಿರುತ್ತದೆ, ಬಿಟ್ಟರೆ ನನ್ನ ಅಣ್ಣಂದಿರಿಂದ ನಿಮಗೆ ವೋಟು ಹಾಕಿಸಲು ನೋಡುತ್ತೇನೆ ಅಂತ ಬರೆದಳು. ಕೆಲವೇ ದಿನದಲ್ಲಿ ಉತ್ತರ ಬಂತು. ಲಿಂಕನ್ ಗಡ್ಡವನ್ನೂ ಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ರೈಲು ಅವಳ ಊರಿನಲ್ಲಿ ನಿಂತಾಗ ಅವಳನ್ನು ಕರೆದು ಮಾತಾಡಿಸಿದರು.

ಈ ಕಾಗದಗಳಿಂದ ಕಲಿಯುವ ಕ್ರಮ ಹೀಗಿದೆ. ಕೊಡಬಲ್ಲ ಮನುಷ್ಯನಿಗೇ ಬರೆಯಿರಿ, ಸಿಕ್ಕಸಿಕ್ಕವರಿಗೆ ದೂರಬೇಡಿ. ಏನು ಬೇಕು ಅನ್ನುವುದನ್ನು ಮೊದಲ ಎರಡು ಸಾಲಿನಲ್ಲೇ ಹೇಳಿ. ‘ತಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಕ್ಷಮೆ ಇರಲಿ’ ಅಂತ ಶುರು ಮಾಡಬೇಡಿ. ಯಾಕೆ ಬೇಕು ಅಂತ ನಿಜವಾದ ಕಾರಣ ಕೊಡಿ. ನೀವು ಏನು ಮಾಡಬಲ್ಲಿರಿ ಅನ್ನುವುದನ್ನೂ ಸೇರಿಸಿ, ಗ್ರೇಸ್ ವೋಟಿನ ಮಾತು ಸೇರಿಸಿದ ಹಾಗೆ. ಇಲ್ಲ ಅಂದರೆ, ಇನ್ಯಾರ ಹತ್ತಿರ ಇದೆ ಅಂತ ಕೇಳಿ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮ ಸಭೆ ನಡೆಸುತ್ತವೆ. ನಿಮ್ಮ ಊರಲ್ಲಿ ನಡೆದರೆ ದಯವಿಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಶಾಲೆ ಬಿಡುವ ಹೊತ್ತಿಗೆ ಬರುವುದಿಲ್ಲ, ನಡೆದು ಬರುವ ದಾರಿಯಲ್ಲಿ ದೀಪವಿಲ್ಲ. ಏಳನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು ಅಧಿಕಾರಿಗಳ ಮುಖ ನೋಡಿ ಇದನ್ನೆಲ್ಲ ಹೇಳುತ್ತಾಳೆ. ಹೋದ ವರ್ಷವೂ ಹೇಳಿದ್ದೆವು, ಏನಾಯಿತು ಅಂತಲೂ ಕೇಳುತ್ತಾಳೆ. ಅದೇ ಊರಿನ ದೊಡ್ಡವರ ಗ್ರಾಮ ಸಭೆಗೆ ಎಷ್ಟು ಜನ ಬರುತ್ತಾರೆ? ‘ನಾವು ಕೇಳಿದರೆ ಯಾರು ಮಾಡುತ್ತಾರೆ’ ಅಂತ ಮನೆಯಲ್ಲೇ ಉಳಿಯುತ್ತೇವೆ. ಆ ಹುಡುಗಿಗೆ ಇನ್ನೂ ಹಾಗೆ ಅನಿಸಿಲ್ಲ. ಅವಳಿಗೆ ಹಾಗೆ ಅನಿಸುವ ಮೊದಲು ಆ ನೀರಿನ ಕೆಲಸ ಆಗಬೇಕು. ಅದಕ್ಕೆ ದೊಡ್ಡವರ ಸಭೆಗೆ ಹೋಗಿ ಅವಳ ಮಾತನ್ನೇ ಮತ್ತೆ ಎತ್ತಿ ಹೇಳುವವರು ನೀವಾಗಬೇಕು.

‘ನೋಡು, ನಾನು ಮಾಡಿದ್ದು!’

ಮಗು ಚಿತ್ರ ಬರೆದರೆ ಎಳೆದುಕೊಂಡು ಹೋಗಿ ತೋರಿಸುತ್ತದೆ. ನಾವು? ಯಾರಾದರೂ ‘ಸಾರು ಎಷ್ಟು ಚೆನ್ನಾಗಿದೆ’ ಅಂದರೆ ‘ಅಯ್ಯೋ, ಇವತ್ತು ಉಪ್ಪು ಜಾಸ್ತಿ ಆಗಿದೆ’ ಅನ್ನುತ್ತೇವೆ. ಅದು ವಿನಯ ಅಂದುಕೊಂಡಿದ್ದೇವೆ. ಹೊಗಳಿದವರ ನಾಲಿಗೆಯನ್ನೇ ಸುಳ್ಳು ಮಾಡಿದ ಹಾಗಲ್ವಾ ಅದು? ಮುಂದಿನ ಸಲ ಹೀಗೆ ಹೇಳಿ ನೋಡಿ: ‘ಹೌದು, ಇವತ್ತು ಚೆನ್ನಾಗಿ ಬಂದಿದೆ, ನನಗೂ ಖುಷಿಯಾಯಿತು.’ ಅಷ್ಟು ಸಾಕು. ಮೊದಲು ಬಾಯಿ ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ.

ಕೆಲಸ ಕಳೆದುಕೊಂಡ ಹಿರಿಯರಿಗೆ

ಮಗುವಿನಿಂದ ಕಲಿತದ್ದನ್ನು ಮೊದಲು ಬಳಸಬೇಕಾದ ಜಾಗ ನಮ್ಮ ಮನೆಗಳ ಹಿರಿಯರ ಕೋಣೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ‘ಅಜ್ಜಿ, ನೀವು ಆರಾಮಾಗಿ ಕೂತುಕೊಳ್ಳಿ’ ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಒಂದೊಂದಾಗಿ ಎಲ್ಲಾ ಕೆಲಸ ಅವರ ಕೈಯಿಂದ ಹೋಗುತ್ತದೆ. ಮೊದಲು ಒಲೆ, ಆಮೇಲೆ ಅಂಗಡಿ, ಆಮೇಲೆ ದುಡ್ಡಿನ ವ್ಯವಹಾರ. ಕೊನೆಗೆ ಉಳಿಯುವುದು ಟಿವಿ. ಊರು ಬಿಟ್ಟು ಮಗನ ಜೊತೆ ಬೆಂಗಳೂರಿನ ಹನ್ನೊಂದನೇ ಮಹಡಿಗೆ ಬಂದವರಿಗೆ, ಅಥವಾ ಮೊಮ್ಮಗುವಿನ ಬಾಣಂತನಕ್ಕೆ ಅಂತ ವಿದೇಶಕ್ಕೆ ಹೋಗಿ ಆ ಕೆಲಸ ಮುಗಿದ ಮೇಲೂ ಉಳಿದವರಿಗೆ, ಇದು ಇನ್ನೂ ಜಾಸ್ತಿ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಮಹಡಿಯ ಹಿರಿಯರಿಗೆ, ನಿಮ್ಮ ಕೋಣೆ ಹೇಗಿರಬೇಕು ಅನ್ನುವಂಥದ್ದನ್ನು ನೀವೇ ತೀರ್ಮಾನಿಸಿ ಅಂತ ಹೇಳಿ, ನೋಡಿಕೊಳ್ಳಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳ ಕೆಲಸ, ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ ಅಂದರು. ಕೆಲವು ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು. ಎರಡೂ ಕಡೆ ಇದ್ದದ್ದು ಅದೇ ಗಿಡ. ಯಾರ ಕೈ ಅದಕ್ಕೆ ಬೇಕು ಅನ್ನುವುದಷ್ಟೇ ಬೇರೆ.

ಹಾಗಾಗಿ ಅಜ್ಜಿಗೆ ಕೆಲಸ ಕೊಡಿ. ನೆಪಕ್ಕೆ ಕೊಟ್ಟದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ನಿಜವಾಗಿಯೂ ಬೇಕಾದದ್ದನ್ನೇ ಕೊಡಿ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕವರೆ ಮಾಡಲು ಎಷ್ಟು ಕೈಯಿದ್ದರೂ ಸಾಲದು. ಕಾಳು ಸುಲಿಯುವುದು, ನೆನೆಸಿ ಹಿತಕುವುದು, ಅವರ ಮುಂದೆ ಮೊರ ಇಡಿ, ಪಕ್ಕದಲ್ಲಿ ಮೊಮ್ಮಗುವನ್ನೂ ಕೂರಿಸಿ. ಉಪ್ಪಿನಕಾಯಿಗೆ ಉಪ್ಪು ಎಷ್ಟು ಅಂತ ಅವರನ್ನು ಕೇಳಿ, ಅವರು ಹೇಳಿದಷ್ಟೇ ಹಾಕಿ. ನಡುವೆ ಯೂಟ್ಯೂಬ್ ನೋಡಿ ತಿದ್ದಬೇಡಿ.

ಇದರ ನೋವಿನ ಮುಖ

ಚಂದಮಾಮ ನಮ್ಮ ಜೊತೆಗೇ ಬರುತ್ತಿದ್ದಾನೆ ಅಂತ ಬಸ್ಸಿನ ಕಿಟಕಿಯಲ್ಲಿ ಕೂತ ಮಗು ಹೇಳುತ್ತದಲ್ಲ, 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಾವು ಮಾತಾಡಿಸಿದ ಮಕ್ಕಳಿಂದ ಇದನ್ನೇ ಕೇಳಿ ಬರೆದುಕೊಂಡರು. ಚಿಕ್ಕ ಮಕ್ಕಳು ಜಗತ್ತನ್ನು ತಮ್ಮ ಜಾಗದಿಂದಲೇ ನೋಡುತ್ತವೆ. ಅದರಲ್ಲಿ ಸಂತೋಷ ಇದೆ, ಭಾರವೂ ಇದೆ. ಚಂದ್ರ ತನಗಾಗಿ ನಡೆಯುತ್ತಾನೆ ಅಂದುಕೊಂಡ ಮಗು, ಅಪ್ಪ ಅಮ್ಮ ಜಗಳ ಆಡಿದ್ದು, ತಾತ ಆಸ್ಪತ್ರೆ ಸೇರಿದ್ದು ಕೂಡ ತನ್ನಿಂದಲೇ ಅಂದುಕೊಳ್ಳಬಹುದು. ನಿನ್ನೆ ಹಠ ಮಾಡಿದ್ದೆ, ಅದಕ್ಕೇ ಹೀಗಾಯಿತು ಅಂತ. ಅದನ್ನು ಅದು ಬಾಯಿ ಬಿಟ್ಟು ಹೇಳುವುದಿಲ್ಲ.

ಮನೆಯಲ್ಲಿ ಕಷ್ಟ ಬಂದಾಗ ಮಗುವನ್ನು ಕೂರಿಸಿ ನೇರವಾಗಿ ಹೇಳಿ: ‘ಇದು ನಿನ್ನಿಂದ ಆದದ್ದಲ್ಲ. ನೀನು ಏನು ಮಾಡಿದ್ದರೂ, ಏನು ಅಂದಿದ್ದರೂ ಇದು ಆಗುತ್ತಿತ್ತು.’ ಕೇಳದಿದ್ದರೂ ಹೇಳಿ. ಎರಡು ದಿನ ಬಿಟ್ಟು ಮತ್ತೆ ಹೇಳಿ. ಕೋಪ ಬಂದಾಗಲೂ ‘ನಿನ್ನಿಂದ ನನಗೆ ಬಿಪಿ ಬಂತು’ ಅನ್ನುವ ಮಾತು ಬಾಯಿಗೆ ಬರಲೇಬಾರದು. ಮಗು ಅದನ್ನು ನಿಜ ಅಂತಲೇ ಇಟ್ಟುಕೊಳ್ಳುತ್ತದೆ.

ದೊಡ್ಡವರಲ್ಲೂ ಎಷ್ಟೋ ಜನ ಇದನ್ನು ಹೊತ್ತು ತಿರುಗುತ್ತಾರೆ. ಗೆಳತಿ ಎರಡು ದಿನ ಮೆಸೇಜಿಗೆ ಉತ್ತರ ಕೊಡದಿದ್ದರೆ ನಾನೇನು ತಪ್ಪು ಮಾಡಿದೆ ಅಂತ ನಿದ್ದೆ ಕೆಡಿಸಿಕೊಳ್ಳುವುದು ಇದೇ. ಅಂಥ ಹೊತ್ತಿನಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ನಾನು ಮಾಡಬಹುದಾದ ಕೆಲಸ ಏನಾದರೂ ಇದೆಯಾ? ಇದ್ದರೆ ಮಾಡಿ, ಫೋನ್ ಮಾಡಿ ವಿಚಾರಿಸಿ. ಇಲ್ಲದಿದ್ದರೆ ಆ ವಿಷಯದಲ್ಲಿ ನೀವು ಮುಖ್ಯರಲ್ಲ, ಅಷ್ಟೇ.

ತಟ್ಟೆ ಇಳಿಸುವುದು

ಮದುವೆ ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸುವ ಕೆಲಸವನ್ನು ಚಿಕ್ಕ ಹುಡುಗನಿಗೆ ಕೊಡುವುದುಂಟು. ಎಲೆಯ ಮೂಲೆಗೆ ಮೊದಲು ಬೀಳುವುದೇ ಉಪ್ಪು, ಹಾಗಾಗಿ ಪಂಕ್ತಿ ಶುರು ಮಾಡುವವನೇ ಅವನು. ಒಂದು ಎಲೆಯನ್ನೂ ಬಿಡದೆ, ಬಗ್ಗಿ ಬಗ್ಗಿ, ಕೊನೆಯವರೆಗೂ ಹೋಗುತ್ತಾನೆ. ಮುಗಿದ ತಕ್ಷಣ ಬಟ್ಟಲು ಇಟ್ಟು ಆಡಲು ಓಡುತ್ತಾನೆ. ಎರಡನೇ ಪಂಕ್ತಿಗೆ ಇನ್ನೊಬ್ಬ ಹುಡುಗ ಉಪ್ಪು ಹಿಡಿದರೆ ಇವನಿಗೆ ಏನೂ ಕಳೆದುಹೋಗುವುದಿಲ್ಲ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸ್ಥಾನ, ಆಫೀಸಿನ ತಂಡ, ದೇವಸ್ಥಾನದ ಸಮಿತಿ, ಮೂವತ್ತು ವರ್ಷ ಮಾಡಿದ ನೌಕರಿ, ಇವನ್ನು ಬಿಡುವಾಗ ನಮಗೆ ಯಾಕೆ ಅಷ್ಟು ಕಷ್ಟ ಅಂದರೆ, ಬಟ್ಟಲು ಹಿಡಿದದ್ದರಿಂದಲೇ ನಾವು ಯಾರೋ ಆದೆವು ಅಂದುಕೊಂಡಿರುತ್ತೇವೆ. ಬಿಡುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. ಮುಂದಿನವರಿಗೆ ಬೇಕಾದದ್ದನ್ನು ಒಂದೆರಡು ಪುಟದಲ್ಲಿ ಬರೆದು ಕೊಡಿ: ಬೀಗದ ಕೈ ಎಲ್ಲಿದೆ, ಟ್ಯಾಂಕರಿನವರ ಜೊತೆ ಹೇಗೆ ಮಾತಾಡಬೇಕು, ಯಾವ ಬಿಲ್ ಯಾವ ತಾರೀಖಿಗೆ. ಒಂದು ಸಂಜೆ ಜೊತೆಗೆ ಕೂತು ಅದನ್ನು ಓದಿ ಹೇಳಿ. ವಾಟ್ಸಾಪ್ ಗುಂಪಿನ ಅಡ್ಮಿನ್ ಸ್ಥಾನವನ್ನೂ ಅವತ್ತೇ ಕೊಟ್ಟುಬಿಡಿ. ಆಮೇಲೆ ಅವರು ಫೋನ್ ಮಾಡಿದರೆ ಸಂತೋಷದಿಂದ ಹೇಳಿ. ಅವರು ನಿಮ್ಮ ಹಾಗೆ ಮಾಡದೆ ಬೇರೆ ಥರ ಮಾಡಿದರೆ, ನೀರು ನಿಲ್ಲದ ತನಕ, ದುಡ್ಡು ಕಳೆಯದ ತನಕ, ಮಾತಾಡಬೇಡಿ. ಮಕ್ಕಳ ಗ್ರಾಮ ಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ವಿಚಾರಿಸಲು ಈಗ ನಿಮಗೆ ಪುರುಸೊತ್ತು ಇದೆ.